ಪೋಸ್ಟರ್ ಹೊಸದಾಗುವುದು ಬೇಡ, ಉಳಿದರೆ ಸಾಕು

ಆಫ್‌ಸೆಟ್‌ನಲ್ಲಿ ಅಚ್ಚಾದ ಹಳೆಯ ಸಿನಿಮಾ ಪೋಸ್ಟರ್ ವರ್ಷಗಟ್ಟಲೆ ಬಿಸಿಲು ಕಂಡರೆ ಮೊದಲು ಹಾರಿಹೋಗುವುದು ಹಳದಿ ಮತ್ತು ಕೆಂಪು. ಕೊನೆಗೆ ಉಳಿಯುವುದು ನೀಲಿ ಮತ್ತು ಕಪ್ಪು. ನಾಯಕಿಯ ಹಣೆಯ ಕುಂಕುಮ, ನಾಯಕನ ಕೆನ್ನೆ, ಹಿಂದಿನ ಕಾಡಿನ ಹಸಿರು ಎಲ್ಲವೂ ಒಂದೇ ನೀಲಿಗೆ ತಿರುಗುತ್ತವೆ. ಹಳೆಯ ಸಲೂನುಗಳ ಗೋಡೆಯಲ್ಲಿ ಇಂಥ ನೀಲಿಗಟ್ಟಿದ ಚಿತ್ರಗಳನ್ನು ನೋಡದವರು ಕಡಿಮೆ. ಮುದ್ರಣದ ಹಳದಿ, ಕೆಂಪು ಶಾಯಿಗಳು ಬೆಳಕಿಗೆ ಬಲು ಬೇಗ ಸೋಲುತ್ತವೆ, ನೀಲಿ ಮತ್ತು ಕಪ್ಪು ತಾಳಿಕೊಳ್ಳುತ್ತವೆ. ಹೀಗೆ ಹೋದ ಬಣ್ಣವನ್ನು ಮರಳಿ ತರುವ ರಾಸಾಯನಿಕ ಯಾವುದೂ ಇಲ್ಲ. ಹಳೆಯ ಪೋಸ್ಟರ್ ಸಂರಕ್ಷಣೆಯ ಮಾತು ಆಡುವವರೆಲ್ಲ ಮೊದಲು ಒಪ್ಪಿಕೊಳ್ಳಬೇಕಾದ ಸತ್ಯ ಇದು. ನಾವು ಮಾಡಬಹುದಾದದ್ದು ಉಳಿದಿರುವುದನ್ನು ಇನ್ನೊಂದಿಷ್ಟು ಕಾಲ ಉಳಿಸಿಕೊಳ್ಳುವುದು, ಅಷ್ಟೇ. ಆ ‘ಅಷ್ಟೇ’ಯೂ ಸಣ್ಣ ಕೆಲಸವಲ್ಲ.

ಹರಿದ ಒಂದು ಕಾಗದಕ್ಕೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶಿಸಿದ, ಆರ್. ನಾಗೇಂದ್ರರಾಯರು ರಾವಣನಾಗಿ, ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿ ನಟಿಸಿದ ಆ ಚಿತ್ರದ ಪ್ರಿಂಟ್ ಇಂದು ಇಲ್ಲ. ಪ್ರತಿ ವರ್ಷ ಮಾರ್ಚ್ 3 ಬಂದಾಗ ನಾವು ನೆನೆಯುವುದು ಯಾರೂ ಮತ್ತೆ ನೋಡಲಾರದ ಚಿತ್ರವನ್ನು. ಆ ಕಾಲದ ರೀಲುಗಳು ನೈಟ್ರೇಟ್ ಫಿಲ್ಮಿನವು. ಬೇಗ ಹೊತ್ತಿಕೊಳ್ಳುತ್ತವೆ, ಹೊತ್ತದಿದ್ದರೆ ಡಬ್ಬಿಯೊಳಗೇ ಕೊಳೆತು ಪುಡಿಯಾಗುತ್ತವೆ. ಇಂಥ ಚಿತ್ರಗಳ ಮಟ್ಟಿಗೆ ಸಾಕ್ಷಿ ನುಡಿಯಬಲ್ಲದ್ದು ಸ್ಟಿಲ್ ಫೋಟೊ, ಹಾಡಿನ ಪುಸ್ತಕ, ಕರಪತ್ರ, ಪೋಸ್ಟರುಗಳು ಮಾತ್ರ.

ರೀಲು ಉಳಿದ ಚಿತ್ರಗಳಲ್ಲೂ ಪೋಸ್ಟರಿಗೆ ಅದರದೇ ಆದ ಸ್ಥಾನವಿದೆ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದದ್ದು 1964ರಲ್ಲಿ. ರಾಜಕುಮಾರ್ ನಾಯಕನಟರಾಗಿ ಮೊದಲು ಕಾಣಿಸಿಕೊಂಡ 1954ರ ‘ಬೇಡರ ಕಣ್ಣಪ್ಪ’ ಸೇರಿದಂತೆ ಅದಕ್ಕೂ ಹಿಂದಿನವು ಬಹುಪಾಲು ಕಪ್ಪು-ಬಿಳುಪಿನವು. ಅದರ ನಂತರವೂ ಎಷ್ಟೋ ವರ್ಷ ಬಣ್ಣದ ಫಿಲ್ಮಿನ ದುಬಾರಿತನಕ್ಕೆ ಹೆದರಿ ನಿರ್ಮಾಪಕರು ಕಪ್ಪು-ಬಿಳುಪಿನಲ್ಲೇ ಚಿತ್ರ ತೆಗೆದರು. ಆದರೆ ಕಪ್ಪು-ಬಿಳುಪಿನ ಚಿತ್ರಕ್ಕೂ ಬಣ್ಣದ ಪೋಸ್ಟರ್ ಇರುತ್ತಿತ್ತು. ಆ ಬಣ್ಣ ಕ್ಯಾಮೆರಾ ಕಂಡದ್ದಲ್ಲ, ಪೋಸ್ಟರ್ ಕಲಾವಿದ ಕಲ್ಪಿಸಿಕೊಂಡದ್ದು. ನಾಯಕಿಯ ಸೀರೆ ಕೆಂಪೋ ನೇರಳೆಯೋ ಎಂದು ತೀರ್ಮಾನಿಸಿದವನು ಆತ. ಆ ಬಣ್ಣ ಪೋಸ್ಟರಿನ ಆಚೆಗೆ ಎಲ್ಲೂ ಇಲ್ಲ. ಅದು ಮಾಸಿಹೋದರೆ ತಾಳೆ ನೋಡಲು ನೆಗೆಟಿವ್ ಇಲ್ಲ, ಸೆಟ್ ಇಲ್ಲ, ಉಟ್ಟ ಸೀರೆಯೂ ಇಲ್ಲ.

ಪೋಸ್ಟರ್ ತಯಾರಿಸುತ್ತಿದ್ದ ಬಗೆಯನ್ನು ತಿಳಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಕನ್ನಡ ಚಿತ್ರಗಳು ಬಹುಪಾಲು ಮದ್ರಾಸಿನ ಸ್ಟುಡಿಯೊಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಪೋಸ್ಟರ್ ವಿನ್ಯಾಸವೂ ಅಲ್ಲೇ ಆಗುತ್ತಿತ್ತು. ಸ್ಟಿಲ್ ಫೋಟೊಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಮುಖಗಳನ್ನು ಕತ್ತರಿಸಿ, ಹಲಗೆಗೆ ಅಂಟಿಸಿ, ಅವುಗಳ ಮೇಲೆ ಕಲಾವಿದರು ಬಣ್ಣ ಹಚ್ಚುತ್ತಿದ್ದರು. ಚಿತ್ರದ ಹೆಸರನ್ನು ಕೈಯಲ್ಲೇ ಬರೆಯುತ್ತಿದ್ದರು. ಅದಕ್ಕೆಂದು ಸಿದ್ಧವಾದ ಫಾಂಟ್ ಯಾವುದೂ ಇರಲಿಲ್ಲ. ಪೌರಾಣಿಕಕ್ಕೆ ಒಂದು ಬಗೆಯ ಅಕ್ಷರ, ಸಾಮಾಜಿಕಕ್ಕೆ ಇನ್ನೊಂದು, ಪತ್ತೇದಾರಿ ಚಿತ್ರಕ್ಕೆ ಮತ್ತೊಂದು. ಈ ಮೂಲ ವಿನ್ಯಾಸವನ್ನು ನೋಡಿಕೊಂಡು ಲಿಥೊ ಪ್ರೆಸ್ಸಿನ ಕೆಲಸಗಾರರು ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲನ್ನೋ ಸತುವಿನ ತಗಡನ್ನೋ ತಯಾರಿಸಿ, ಒಂದರ ಮೇಲೊಂದು ಬಣ್ಣ ಒತ್ತುತ್ತಿದ್ದರು. ಮುಂದೆ ಆಫ್‌ಸೆಟ್ ಬಂದು ಶಿವಕಾಶಿಯ ಪ್ರೆಸ್ಸುಗಳು ದಕ್ಷಿಣದ ನಾಲ್ಕೂ ಭಾಷೆಗಳಿಗೆ ಪೋಸ್ಟರ್ ಅಚ್ಚು ಹಾಕಿಕೊಡತೊಡಗಿದವು. ಕನ್ನಡ ಅಕ್ಷರಗಳನ್ನು ಅಷ್ಟು ಸೊಗಸಾಗಿ ತಿದ್ದಿದ ಆ ಕೈಗಳ ಹೆಸರು ನಮ್ಮ ಚಲನಚಿತ್ರ ಇತಿಹಾಸಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಪೋಸ್ಟರಿನ ಮೂಲೆಯಲ್ಲಿ ಅವರ ಸಣ್ಣ ಸಹಿ ಇದ್ದರೆ ಇದ್ದೀತು. ಅಂಚು ಹರಿದಾಗ ಮೊದಲು ಹೋಗುವುದೂ ಅದೇ.

ಪೋಸ್ಟರಿನ ಆಯುಷ್ಯ ಮೂಲದಲ್ಲೇ ಒಂದು ವಾರದ್ದು. ಗಾಂಧಿನಗರದ ವಿತರಕರ ಕಚೇರಿಯಿಂದ ಫಿಲ್ಮಿನ ಪೆಟ್ಟಿಗೆಯ ಜೊತೆ ಪೋಸ್ಟರಿನ ಬಂಡಲ್ ಬಸ್ಸು, ರೈಲು ಹತ್ತುತ್ತಿತ್ತು. ಬೆಂಗಳೂರು, ಕೋಲಾರ, ತುಮಕೂರು ಸೇರಿದ ‘ಬಿಕೆಟಿ’ ವಲಯಕ್ಕೆ ಒಂದು ಪಾಲು, ಮೈಸೂರು ಕಡೆಗೊಂದು, ಹುಬ್ಬಳ್ಳಿ ಕಡೆಗೊಂದು. ಊರು ಮುಟ್ಟಿದ ಮೇಲೆ ಮೈದಾ ಅಂಟಿನ ಬಕೆಟ್ಟು, ಏಣಿ ಹಿಡಿದು ರಾತ್ರಿ ಹೊರಟವರು ಗೋಡೆಗಳಿಗೆ ಅಂಟಿಸುತ್ತಿದ್ದರು. ಹುಳ ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತ ಸೇರಿಸುವ ರೂಢಿಯೂ ಇತ್ತು. ಮುಂದಿನ ಶುಕ್ರವಾರ ಅದರ ಮೇಲೆಯೇ ಇನ್ನೊಂದು ಚಿತ್ರ. ಗೋಡೆ ಸೇರಿದ ಪೋಸ್ಟರ್ ಉಳಿಯಲಿಲ್ಲ. ಉಳಿದವೆಲ್ಲ ಅಂಟದೇ ಮಿಕ್ಕವು, ಗೋದಾಮಿನ ಮೂಲೆಯಲ್ಲಿ ಮರೆತುಹೋದ ಬಂಡಲುಗಳು. ಬಂಡಲ್ ಹೋಗುವ ದಾರಿಯೂ ಸುಲಭ. ವಿತರಕರು ಕಚೇರಿ ಮುಚ್ಚಿದಾಗ, ಟಾಕೀಸು ಕೆಡವಿದಾಗ ಕಾಗದ ತೂಕದ ಲೆಕ್ಕದಲ್ಲಿ ಗುಜರಿ ಸೇರುತ್ತದೆ. ಮೆಜೆಸ್ಟಿಕ್ಕಿನ ಕಪಾಲಿ ಹೋಯಿತು, ಯಶವಂತಪುರದ ಗೋವರ್ಧನ ಹೋಯಿತು, 1974ರಲ್ಲಿ ಬಾಗಿಲು ತೆರೆದಿದ್ದ ಕಾವೇರಿ 2024ರಲ್ಲಿ ಮುಚ್ಚಿತು. ಪರದೆ, ಕುರ್ಚಿ, ಪ್ರೊಜೆಕ್ಟರಿಗೆ ಬೆಲೆ ಕಟ್ಟುವವರಿರುತ್ತಾರೆ. ಪೋಸ್ಟರ್ ಇದ್ದ ಕೋಣೆಗೆ ಇಣುಕಿ ನೋಡುವವರೇ ಇರುವುದಿಲ್ಲ.

ಬೆಂಗಳೂರಿನ ಶೆಟ್ಟಿಹಳ್ಳಿಯ ನಮ್ಮ ರಸ್ತೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಹರೆಯದಲ್ಲಿ ಗಾಂಧಿನಗರದ ಒಂದು ವಿತರಣಾ ಕಚೇರಿಯಲ್ಲಿ ಬಂಡಲ್ ಕಟ್ಟುವ ಕೆಲಸ ಮಾಡುತ್ತಿದ್ದವರು. ಎಚ್‌ಎಂಟಿ, ಬಿಇಎಲ್‌ನಿಂದ ನಿವೃತ್ತರಾದವರೇ ಹೆಚ್ಚಿರುವ ಈ ಭಾಗದಲ್ಲಿ ಅವರದು ಬೇರೆಯದೇ ಬದುಕು. ಅವರ ಮನೆಯ ಸಜ್ಜೆಯ ಮೇಲೆ ಸೆಣಬಿನ ಹುರಿಯಲ್ಲಿ ಕಟ್ಟಿದ ಒಂದು ಕಟ್ಟು ಇದೆ. ಎಲ್ಲ ಸಿಂಗಲ್ ಶೀಟ್ ಪೋಸ್ಟರುಗಳು, ಅಂದರೆ ಸುಮಾರು 30 ಅಂಗುಲ ಅಗಲ, 40 ಅಂಗುಲ ಉದ್ದದವು. ಒಂದನ್ನು ಊಟದ ಮೇಜಿನ ಮೇಲೆ ಬಿಡಿಸಿ ಇಟ್ಟೆವು. ಎಂಟು ಮಡಿಕೆಯಾಗಿ ಇಷ್ಟು ವರ್ಷ ಕೂತಿದ್ದರಿಂದ ಮಡಿಕೆಯ ಗೆರೆಗಳಲ್ಲಿ ಶಾಯಿ ಉದುರಿ ಬಿಳಿ ಕಾಗದ ಕಾಣುತ್ತಿತ್ತು. ಗೆರೆಗಳು ಒಂದನ್ನೊಂದು ಕೂಡುವ ಕಡೆ ಸಣ್ಣ ಸಣ್ಣ ತೂತು. ಎಂದೋ ಹರಿದಾಗ ಮುಂಭಾಗದಲ್ಲೇ ಹಚ್ಚಿದ ಸೆಲೊಟೇಪು ಈಗ ತಾನಾಗಿಯೇ ಕಳಚಿ ಬಿದ್ದಿದೆ, ಅದರ ಗೋಂದು ಮಾತ್ರ ಕಾಗದದೊಳಗೆ ಇಳಿದು ಕಂದು ಪಟ್ಟಿಯಾಗಿ ಕೂತಿದೆ. ಅಂಚು ಮುಟ್ಟಿದರೆ ಚೂರು ಚೂರಾಗಿ ಬೆರಳಿಗೆ ಬರುತ್ತದೆ. ಆದರೆ ಒಳಭಾಗದ ಬಣ್ಣ ಮಾತ್ರ ಅಚ್ಚಾದ ದಿನದಂತಿದೆ, ಕತ್ತಲಲ್ಲಿದ್ದುದರಿಂದ. “ಲ್ಯಾಮಿನೇಷನ್ ಮಾಡಿಸ್ಬಿಡ್ಲಾ ಸಾರ್? ಮೊಮ್ಮಗ ಅಂಗಡಿಗೆ ತಗೊಂಡೋಗ್ತೀನಿ ಅಂತಾವ್ನೆ” ಎಂದರು. “ಬೇಡ ಯಜಮಾನ್ರೇ, ಅದೊಂದು ಮಾತ್ರ ಬೇಡ” ಎಂದೆ. ಯಾಕೆ ಎಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸುತ್ತೇನೆ.

ಪೋಸ್ಟರಿಗೆ ಬಳಸುತ್ತಿದ್ದದ್ದು ಅಗ್ಗದ ಕಾಗದ. ಮರದ ತಿರುಳನ್ನು ಪೂರ್ತಿ ಶುದ್ಧ ಮಾಡದೆ ತಯಾರಿಸುವ ಇಂಥ ಕಾಗದದಲ್ಲಿ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಗಾಳಿ ಬೆಳಕು ತಾಗಿದಂತೆ ಅದು ಹಳದಿಯಾಗಿ ಆಮ್ಲ ಹುಟ್ಟಿಸುತ್ತದೆ. ಶಾಯಿ ಹರಡದಿರಲೆಂದು ಕಾಗದಕ್ಕೆ ಸೇರಿಸುತ್ತಿದ್ದ ಪಟಿಕ ಮತ್ತು ರಾಳದಿಂದಲೂ ಆಮ್ಲವೇ. ಆಮ್ಲವು ಕಾಗದದ ಜೀವಾಳವಾದ ಸೆಲ್ಯುಲೋಸಿನ ಉದ್ದ ಎಳೆಗಳನ್ನು ತುಂಡು ತುಂಡು ಮಾಡುತ್ತದೆ. ಎಳೆ ಗಿಡ್ಡವಾದಷ್ಟೂ ಕಾಗದ ಬಾಗಲಾರದೆ ಮುರಿಯುತ್ತದೆ. ಆ ಮನೆಯ ಮೇಜಿನ ಮೇಲೆ ಅಂಚು ಉದುರಿದ್ದು ಇದೇ ಕಾರಣಕ್ಕೆ. ಶತ್ರು ಹೊರಗಿನಿಂದ ಬಂದದ್ದಲ್ಲ, ಕಾಗದ ಹುಟ್ಟುವಾಗಲೇ ಜೊತೆಗೆ ಬಂದದ್ದು.

ಲ್ಯಾಮಿನೇಷನ್ ಮಾಡಿದಾಗ ಈ ಆಮ್ಲ ಪ್ಲಾಸ್ಟಿಕ್ಕಿನೊಳಗೆ ಸೀಲಾಗಿ ತನ್ನ ಕೆಲಸ ಮುಂದುವರಿಸುತ್ತದೆ. ಬಿಸಿ ರೋಲರು ಕಾಗದವನ್ನು ಇನ್ನಷ್ಟು ಬಳಲಿಸುತ್ತದೆ. ಪ್ಲಾಸ್ಟಿಕ್ಕಿನ ಅಂಟು ಕರಗಿ ಶಾಯಿಯೊಡನೆ ಒಂದಾಗುವುದರಿಂದ ಮುಂದೆ ಬಿಡಿಸುವುದೂ ಆಗದ ಮಾತು. ಈ ಪಾಠವನ್ನು ಜಗತ್ತಿನ ದೊಡ್ಡ ದೊಡ್ಡ ಪತ್ರಾಗಾರಗಳೇ ದುಬಾರಿ ಬೆಲೆ ತೆತ್ತು ಕಲಿತವು. ಅಮೆರಿಕದ ವರ್ಜೀನಿಯಾದ ವಿಲಿಯಂ ಬ್ಯಾರೋ 1930ರ ದಶಕದಲ್ಲಿ ಹಳೆಯ ದಾಖಲೆಗಳನ್ನು ಸೆಲ್ಯುಲೋಸ್ ಅಸಿಟೇಟ್ ಹಾಳೆಗಳ ನಡುವೆ ಇಟ್ಟು ಶಾಖದಿಂದ ಒತ್ತುವ ವಿಧಾನ ತಂದರು. ನಮ್ಮ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಯಂತ್ರದ ಶಾಖ ಬೇಡದೆ, ಅಸಿಟೋನಿನಿಂದ ಕೈಯಲ್ಲೇ ಅಂಟಿಸುವ ವಿಧಾನ ರೂಪುಗೊಂಡು ಹೊರದೇಶಗಳಿಗೂ ಹೋಯಿತು. ಆ ಕಾಲಕ್ಕೆ ಅದು ಜಾಣ ಉಪಾಯವೇ. ಆದರೆ ದಶಕಗಳು ಕಳೆದಂತೆ ಆ ಅಸಿಟೇಟ್ ಹಾಳೆಯೇ ಹಾಳಾಗಿ ಆಮ್ಲ ಬಿಡತೊಡಗಿತು, ಸುಕ್ಕುಗಟ್ಟಿತು. ಹಚ್ಚಿದ್ದನ್ನು ಬಿಡಿಸುವುದೇ ಮುಂದಿನ ತಲೆಮಾರಿನ ಕೆಲಸವಾಯಿತು. ಹಳೆಯ ಸಿನಿಮಾ ರೀಲುಗಳು ವಿನೆಗರ್ ವಾಸನೆ ಹೊಡೆಯುವುದೂ ಇದೇ ಅಸಿಟೇಟ್ ಕೆಡುವುದರಿಂದ. ಅದೇ ಬ್ಯಾರೋ ಮುಂದೆ 1950ರ ದಶಕದಲ್ಲಿ ಪುಸ್ತಕದ ಕಾಗದಗಳನ್ನು ಪರೀಕ್ಷಿಸಿ, ಕಾಗದ ಪುಡಿಯಾಗಲು ಮುಖ್ಯ ಕಾರಣ ಆಮ್ಲ ಎಂದು ಜಗತ್ತಿಗೆ ಮನಗಾಣಿಸಿದರು ಎಂಬುದನ್ನೂ ಹೇಳಬೇಕು. ಅಂದಿನಿಂದ ಈ ಕ್ಷೇತ್ರದಲ್ಲಿ ಒಂದು ನಿಯಮ ಗಟ್ಟಿಯಾಗಿದೆ: ನಾಳೆ ಬಿಡಿಸಲಾಗದ್ದನ್ನು ಇಂದು ಅಂಟಿಸಬಾರದು.

ಹಾಗಾದರೆ ಸಂರಕ್ಷಕರು ಏನು ಮಾಡುತ್ತಾರೆ? ಮೊದಲು ನೋಡುತ್ತಾರೆ. ಪಕ್ಕದಿಂದ ದೀಪ ಹಿಡಿದು ಉಬ್ಬು, ತಗ್ಗು, ಸುಲಿದ ಶಾಯಿ ಎಲ್ಲವನ್ನೂ ಫೋಟೊ ತೆಗೆದು ಬರೆದಿಟ್ಟುಕೊಳ್ಳುತ್ತಾರೆ. ಒಂದೊಂದು ಬಣ್ಣದ ಮೇಲೂ ಹತ್ತಿಯ ತುದಿಯಲ್ಲಿ ಒಂದು ಹನಿ ನೀರು ಮುಟ್ಟಿಸಿ ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಮುದ್ರಣದ ಶಾಯಿ ಎಣ್ಣೆಯದಾದ್ದರಿಂದ ಸಾಮಾನ್ಯವಾಗಿ ಜಗ್ಗುವುದಿಲ್ಲ. ವಿತರಕರ ರಬ್ಬರ್ ಸ್ಟಾಂಪಿನ ನೇರಳೆ ಶಾಯಿ ಮಾತ್ರ ನೀರು ಕಂಡೊಡನೆ ಹರಡುತ್ತದೆ. ಆಮೇಲೆ ಮೆತ್ತನೆಯ ಬ್ರಷ್ಷು, ರಬ್ಬರಿನ ಪುಡಿಯಿಂದ ಒಣ ದೂಳು ತೆಗೆಯುವುದು. ಸೆಲೊಟೇಪಿನ ಗೋಂದನ್ನು ಬಿಸಿ ಮಾಡಿದ ತೆಳು ಚಪ್ಪಟೆ ಅಲಗಿನಿಂದ ಎಬ್ಬಿಸಿ, ಮಿಕ್ಕಿದ್ದನ್ನು ದ್ರಾವಕದಿಂದ ಕರಗಿಸುವುದು. ಇದು ತಾಳ್ಮೆಯ ಕೆಲಸ, ಮನೆಯಲ್ಲಿ ಕೈಹಾಕುವಂಥದ್ದಲ್ಲ.

ನೋಡುವವರ ಎದೆ ಝಲ್ಲೆನ್ನುವ ಹಂತ ತೊಳೆಯುವುದು. ಪೋಸ್ಟರನ್ನು ನೆಯ್ಗೆಯಿಲ್ಲದ ಪಾಲಿಯೆಸ್ಟರ್ ಬಟ್ಟೆಯ ಮೇಲಿಟ್ಟು, ಅಗಲವಾದ ತಟ್ಟೆಯ ಶುದ್ಧ ನೀರಿಗೆ ಇಳಿಸುತ್ತಾರೆ. ಕೆಲ ಹೊತ್ತಿಗೆ ನೀರು ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಹೊರಬರುತ್ತಿರುವುದು ಕೊಳೆಯಷ್ಟೇ ಅಲ್ಲ, ಕಾಗದ ಕೆಡುತ್ತ ಹೋದಂತೆ ಒಳಗೆ ಸೇರಿದ ಆಮ್ಲ ಕೂಡ. ನೀರು ತಿಳಿಯಾಗುವ ತನಕ ಬದಲಿಸುತ್ತಾರೆ. ನಂತರ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ತೆಳು ದ್ರಾವಣ. ನಮ್ಮ ಮಾತಿನಲ್ಲಿ ಹೇಳುವುದಾದರೆ ಸುಣ್ಣದ ತಿಳಿನೀರು. ಅದು ಮಿಕ್ಕ ಆಮ್ಲವನ್ನು ತಟಸ್ಥಗೊಳಿಸಿ, ಒಣಗಿದ ಮೇಲೆ ಕಾಗದದ ಎಳೆಗಳ ನಡುವೆ ಸ್ವಲ್ಪ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿಸುತ್ತದೆ. ಮುಂದೆ ಹುಟ್ಟುವ ಆಮ್ಲಕ್ಕೆ ಅದೇ ತಡೆ.

ಬಳಲಿದ ಕಾಗದಕ್ಕೆ ಬೆನ್ನಾಸರೆ ಬೇಕು. ಅದಕ್ಕೆ ಜಪಾನಿನ ಕೋಝೋ ಗಿಡದ ತೊಗಟೆಯಿಂದ ಕೈಯಲ್ಲಿ ತಯಾರಿಸಿದ ತೆಳು ಕಾಗದವನ್ನು ಹಿಂಬದಿಗೆ ಅಂಟಿಸುತ್ತಾರೆ. ಅದರ ನಾರು ಉದ್ದ, ಆಮ್ಲವಿಲ್ಲ. ಅಂಟು ಯಾವುದು ಗೊತ್ತೇ? ಗೋಧಿಯ ಪಿಷ್ಟ ಬೇಯಿಸಿ, ಸೋಸಿ ಮಾಡಿದ್ದು. ಪೋಸ್ಟರನ್ನು ಗೋಡೆಗೆ ಹಚ್ಚುತ್ತಿದ್ದ ಮೈದಾ ಅಂಟೂ ಗೋಧಿಯದೇ. ಮೈದಾದಲ್ಲಿ ಗ್ಲುಟೆನ್ ಇರುತ್ತದೆ, ಅದು ಒಣಗಿ ಬಿರುಸಾಗುತ್ತದೆ, ಹುಳವನ್ನೂ ಕರೆಯುತ್ತದೆ. ಅದನ್ನು ತೊಳೆದು ತೆಗೆದ ಶುದ್ಧ ಪಿಷ್ಟದ ಅಂಟು ಮೃದುವಾಗಿರುತ್ತದೆ, ಎಷ್ಟು ವರ್ಷ ಕಳೆದರೂ ನೀರಿನ ತೇವಕ್ಕೆ ಬಿಟ್ಟುಕೊಡುತ್ತದೆ. ಅಮೆರಿಕದ ಪೋಸ್ಟರ್ ಮಾರಾಟಗಾರರಲ್ಲಿ ಹಿಂಬದಿಗೆ ಲಿನನ್ ಅಥವಾ ಕ್ಯಾನ್ವಾಸ್ ಬಟ್ಟೆ ಹಚ್ಚುವ ರೂಢಿ ಹೆಚ್ಚು. ಗೋಡೆಗೆ ತೂಗುಹಾಕಲು ಅದು ಗಟ್ಟಿ, ನೋಟಕ್ಕೂ ಚೆಂದ. ಆದರೆ ಕಾಗದವೂ ಬಟ್ಟೆಯೂ ಗಾಳಿಯ ತೇವಕ್ಕೆ ಬೇರೆ ಬೇರೆ ರೀತಿ ಹಿಗ್ಗಿ ಕುಗ್ಗುತ್ತವೆ. ನಮ್ಮ ಮಳೆಗಾಲ ಕಂಡವನಾಗಿ ನನ್ನ ಒಲವು ಕಾಗದದ ಬೆನ್ನಿಗೇ.

ಇಲ್ಲಿಂದ ಮುಂದೆ ವಿವಾದದ ನೆಲ. ನಾಯಕನ ಕಣ್ಣಿರುವ ಜಾಗವೇ ತೂತಾಗಿದ್ದರೆ ಅಲ್ಲಿ ಕಣ್ಣು ಬರೆಯಬೇಕೇ? ರೋಮಿನ ಕೇಂದ್ರೀಯ ಪುನರುಜ್ಜೀವನ ಸಂಸ್ಥೆಯನ್ನು 1939ರಲ್ಲಿ ಕಟ್ಟಿದ ಚೇಸರೆ ಬ್ರಾಂಡಿಯವರ ನಿಲುವು ಸ್ಪಷ್ಟ: ತುಂಬಿದ್ದು ದೂರದಿಂದ ಕಣ್ಣಿಗೆ ಚುಚ್ಚಬಾರದು, ಹತ್ತಿರ ಹೋದರೆ ಇದು ಮೂಲವಲ್ಲ ಎಂದು ತಿಳಿಯಬೇಕು. ಬಣ್ಣ ಹಚ್ಚುವುದಿದ್ದರೆ ಹೊಸದಾಗಿ ತುಂಬಿದ ಕಾಗದದ ಮೇಲೆ ಮಾತ್ರ, ಮೂಲದ ಮೇಲೆ ಒಂದು ಗೆರೆಯೂ ಕೂಡದು. ಇದು ಸರಿ ಎಂದೇ ನನ್ನ ನಂಬಿಕೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತುಂಬಿಕೊಂಡು ಮತ್ತೆ ಚಿತ್ರಮಂದಿರಕ್ಕೆ ಬಂದವು. ಮೆಚ್ಚಿದವರೂ ಇದ್ದಾರೆ, ಮೆಚ್ಚದವರೂ ಇದ್ದಾರೆ. ಏನೇ ಆದರೂ ಆ ಕೆಲಸದಿಂದ ಕಪ್ಪು-ಬಿಳುಪಿನ ಮೂಲಕ್ಕೆ ಕುಂದು ಬರಲಿಲ್ಲ. ಬೇಡವಾದವರು ಇಂದಿಗೂ ಹಳೆಯದನ್ನೇ ನೋಡಬಹುದು. ಪೋಸ್ಟರಿನ ವಿಷಯ ಹಾಗಲ್ಲ. ಅದರ ಮೇಲೆ ನೇರ ಬಣ್ಣ ಬಳಿದರೆ ಮೂಲ ಅಲ್ಲಿಗೆ ಮುಗಿಯಿತು. ಹೊಸ ಬಣ್ಣ ನೋಡುವ ಆಸೆಯಿದ್ದರೆ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ನೋಡೋಣ. ಕಾಗದ ತನ್ನ ವಯಸ್ಸಿನಲ್ಲೇ ಇರಲಿ.

ಪೋಸ್ಟರಿನ ಕೆಳಗೆ ಅಂಟಿಸಿದ ಟಾಕೀಸಿನ ಸ್ಲಿಪ್ಪುಗಳ ಬಗ್ಗೆಯೂ ಇದೇ ಮಾತು. ಊರು, ಟಾಕೀಸು, ದಿನಕ್ಕೆಷ್ಟು ಆಟ ಎಂದು ಸ್ಥಳೀಯ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ ಮೆತ್ತಿದ ಆ ಪಟ್ಟಿಯನ್ನು ಕೆಲವರು ಅಂದಗೆಡಿಸುತ್ತದೆಂದು ಕಿತ್ತುಹಾಕುತ್ತಾರೆ. ಚಿತ್ರ ಯಾವ ಊರನ್ನು ಮುಟ್ಟಿತು ಎಂದು ಹೇಳುವುದು ಆ ಪಟ್ಟಿಯೇ. ಹಾಗೆಯೇ ಕೆಳ ಅಂಚಿನಲ್ಲಿ ಸಣ್ಣಕ್ಷರದಲ್ಲಿರುವ ಪ್ರೆಸ್ಸಿನ ಹೆಸರು. ಜನಪ್ರಿಯ ಚಿತ್ರಗಳು ಮತ್ತೆ ಮತ್ತೆ ಬಿಡುಗಡೆಯಾದಾಗ ಹೊಸ ಪೋಸ್ಟರ್ ಅಚ್ಚಾಗುತ್ತಿತ್ತು. ಕೈಯಲ್ಲಿರುವುದು ಮೊದಲ ಬಿಡುಗಡೆಯದೋ ಆಮೇಲಿನದೋ ಎಂದು ಗುರುತಿಸಲು ಈ ಸಾಲು ನೆರವಾಗುತ್ತದೆ. ಫ್ರೇಮ್ ಅಂಗಡಿಯವರು ಅಳತೆಗೆ ಹೊಂದಿಸಲು ಅಂಚು ಕತ್ತರಿಸಿದರೆ ಮೊದಲು ಹೋಗುವುದು ಅದು.

ಈ ವಿದ್ಯೆ ಬಲ್ಲವರು ದೂರವೇನಿಲ್ಲ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಜೊತೆಗೂಡಿ ಇಂಟ್ಯಾಕ್ ಸಂಸ್ಥೆ ಕಟ್ಟಿದ ಕಲಾ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲೇ ಬೆಳೆದದ್ದು. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ. ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ‘ಮ್ಯಾಪ್’ ಸಂಗ್ರಹಾಲಯ ಸಿನಿಮಾ ಪೋಸ್ಟರ್, ಲಾಬಿ ಕಾರ್ಡುಗಳನ್ನು ಕಲೆಯೆಂದೇ ಪರಿಗಣಿಸಿ ಕಾಪಾಡುತ್ತಿದೆ. ಪುಣೆಯಲ್ಲಿ 1964ರಲ್ಲಿ ಆರಂಭವಾಗಿ ಪಿ.ಕೆ. ನಾಯರ್ ಕೈಯಲ್ಲಿ ಬೆಳೆದ ರಾಷ್ಟ್ರೀಯ ಚಲನಚಿತ್ರ ಭಂಡಾರ ರೀಲುಗಳ ಜೊತೆಗೆ ಪೋಸ್ಟರು, ಹಾಡಿನ ಪುಸ್ತಕಗಳನ್ನೂ ಕೂಡಿಟ್ಟಿದೆ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದ ಪರದೆ ಏರಿದ್ದನ್ನು ನಾವೆಲ್ಲ ಹೆಮ್ಮೆಯಿಂದ ಓದಿದೆವು. ರೀಲಿಗೆ ಸಿಕ್ಕ ಆ ಆರೈಕೆ ಕನ್ನಡದ ಪೋಸ್ಟರಿಗೂ ಸಿಗಬೇಕು.

ಅದಕ್ಕೆ ಜಾಗವೂ ಇದೆ. ಕರ್ನಾಟಕ ಚಲನಚಿತ್ರ ಅಕಾಡೆಮಿಯ ಕಟ್ಟಡ ನಂದಿನಿ ಬಡಾವಣೆಯಲ್ಲಿ, ಶೆಟ್ಟಿಹಳ್ಳಿಯಿಂದ ದೂರವೇನೂ ಅಲ್ಲ. ಅಲ್ಲಿ ಒಂದು ಕತ್ತಲೆ ಕೋಣೆ, ಪೋಸ್ಟರ್ ಮಡಿಸದೆ ಮಲಗಿಸುವಷ್ಟು ಅಗಲದ ಕಬ್ಬಿಣದ ಡ್ರಾಯರುಗಳು, ತೇವಾಂಶವನ್ನು ಶೇ 50ರ ಆಸುಪಾಸಿನಲ್ಲಿ ಇಡುವ ಯಂತ್ರ, ತರಬೇತಾದ ಒಬ್ಬಿಬ್ಬರು ಸಂರಕ್ಷಕರು, ಒಂದು ದೊಡ್ಡ ಸ್ಕ್ಯಾನರ್ ಇದ್ದರೆ ಕೆಲಸ ಆರಂಭವಾಗುತ್ತದೆ. ಬಂಡಲ್ ಕಟ್ಟಿದವರು, ಅಂಟು ಹಚ್ಚಿದವರು, ಅಕ್ಷರ ಬರೆದವರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಮನೆಗಳಿಗೆ ಹೋಗಿ ಕಾಗದದ ಜೊತೆ ಅವರ ಮಾತನ್ನೂ ದಾಖಲಿಸಿಕೊಳ್ಳಬೇಕು. ಅಕಾಡೆಮಿ ಇದನ್ನು ಮುಂದಿನ ಬಜೆಟ್ಟಿನಲ್ಲೇ ಕೈಗೆತ್ತಿಕೊಳ್ಳಲಿ ಎಂದು ಒತ್ತಾಯಿಸುತ್ತೇನೆ.

ಅಲ್ಲಿಯ ತನಕ, ಮನೆಯಲ್ಲಿ ಒಂದಾದರೂ ಹಳೆಯ ಪೋಸ್ಟರ್ ಇರುವವರು ಇಷ್ಟು ಮಾಡಿ. ಮಡಿಕೆ ಬಿಡಿಸಿ ಚಪ್ಪಟೆಯಾಗಿ ಮಲಗಿಸಿ. ಮಡಿಕೆ ಬಿಡಿಸಿದರೆ ಮುರಿಯುತ್ತದೆ ಎನಿಸಿದರೆ ಬಲವಂತ ಮಾಡದೆ ಹಾಗೆಯೇ ಬಿಡಿ. ಎರಡು ಪೋಸ್ಟರುಗಳ ನಡುವೆ ದಿನಪತ್ರಿಕೆ ಬೇಡ, ಅದರ ಆಮ್ಲ ಇದಕ್ಕೂ ಹತ್ತುತ್ತದೆ. ಆಮ್ಲರಹಿತ ಬಿಳಿ ಹಾಳೆ ಸ್ಟೇಷನರಿ ಅಂಗಡಿಗಳಲ್ಲಿ ಕೇಳಿದರೆ ತರಿಸಿಕೊಡುತ್ತಾರೆ. ಸಜ್ಜೆ, ಬಚ್ಚಲಿನ ಗೋಡೆ, ನೆಲಮಟ್ಟದ ಕಪಾಟು ಮೂರೂ ಬೇಡ. ಮಳೆಗಾಲದಲ್ಲಿ ಆಗಾಗ ತೆಗೆದು ಬೂಷ್ಟು, ಗೆದ್ದಲು ನೋಡಿ. ನುಸಿಗುಳಿಗೆಯನ್ನು ಕಾಗದಕ್ಕೆ ತಾಗಿಸಿ ಇಡಬೇಡಿ. ಫ್ರೇಮ್ ಹಾಕಿಸುವುದಾದರೆ ಮೂಲವನ್ನು ಒಳಗಿಟ್ಟು ಅದರ ಪ್ರಿಂಟ್ ತೂಗುಹಾಕಿ. ಮೂಲವೇ ಬೇಕೆಂದರೆ ಬಿಸಿಲು ಬೀಳದ ಗೋಡೆಗೆ ಹಾಕಿ, ಕಾಗದಕ್ಕೆ ಗಾಜು ತಾಗದಂತೆ ನೋಡಿಕೊಳ್ಳಿ. ಸಂಗ್ರಹಾಲಯಗಳು ಇಂಥ ಕಾಗದಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬಿಡುವುದಿಲ್ಲ. ಸೆಲೊಟೇಪು, ಫೆವಿಕಾಲು, ಲ್ಯಾಮಿನೇಷನ್ ಈ ಮೂರನ್ನು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ. ಹರಿದದ್ದು ಹರಿದಂತೆಯೇ ಇರಲಿ, ಬಿದ್ದ ಚೂರನ್ನು ಲಕೋಟೆಯಲ್ಲಿ ಹಾಕಿ ಪೋಸ್ಟರಿನ ಜೊತೆಗೇ ಇಡಿ. ಬಲ್ಲವರ ಕೈಗೆ ಹೋದ ದಿನ ಆ ಚೂರು ತನ್ನ ಜಾಗ ಸೇರುತ್ತದೆ.